ಕಂಬದ ಬೀದಿಗೊಂದು ಬಾಗಿಲು

ಕಲ್ಲುಗಳು ಇನ್ನೂ ಮೆತ್ತಗಿದ್ದ ಕಾಲವಂತೆ ಅದು. ಹೊಳೆದಂಡೆಯ ಗುಂಡುಗಳನ್ನು ಹಿಟ್ಟಿನ ಹಾಗೆ ನಾದಿ, ತಟ್ಟಿ, ಬೇಕಾದ ಆಕಾರಕ್ಕೆ ತರಬಹುದಿತ್ತಂತೆ. ಆಗ ಒಬ್ಬ ರಾಜನಿಗೆ ಊರು ಕಟ್ಟುವ ಹುಕಿ ಹತ್ತಿತು. ಹೊಳೆಯಿಂದ ಕಲ್ಲು ಹೊರಲು ಹೆಂಗಸರು ಬಂದರು. ಅವರಲ್ಲಿ ಒಬ್ಬಳು ಬಸುರಿ. ಅವಳಿಗೆ ಹೆಸರಿರಲಿಲ್ಲ. 'ಏ ಇವಳೇ' ಅಂದರೆ ತಿರುಗಿ ನೋಡುತ್ತಿದ್ದಳು. ಅವಳು ಹೊತ್ತ ಕಲ್ಲಿನಿಂದ ಗುಡಿಯಾಯಿತು, ಕೋಟೆಯಾಯಿತು, ಸಾಲುಸಾಲು ಮನೆಯಾಯಿತು. ಊರು ಮುಗಿದ ದಿನ ರಾಜ ಕಟ್ಟೆಯ ಮೇಲೆ ಕೂತು, ದುಡಿದವರಿಗೆಲ್ಲ ಬಾಗಿಲು ಹಂಚಿದ. ಬಡಿಗನಿಗೊಂದು, ಕಮ್ಮಾರನಿಗೊಂದು, ದಲ್ಲಾಳಿಗೆ ಎರಡು. ಬಾಗಿಲಿದ್ದವನಿಗೆ ಬೀದಿಯುಂಟು, ಬೀದಿಯಿದ್ದವನಿಗೆ ಊರುಂಟು. ಬಸುರಿಯ ಸರದಿ ಬರುವಷ್ಟರಲ್ಲಿ ಬಾಗಿಲು ಮುಗಿದಿದ್ದವು.

"ಗ್ವಾಡಿ ಉಳದೈತಿ, ಒಯ್ಕೊ," ಅಂದ ರಾಜ.

ಅವಳು ಗೋಡೆ ತಗೊಂಡಳು. ಅದರ ಹಿಂದೆ ಹೋಗಿ ಹೆತ್ತಳು. ಅವತ್ತೇ ಲೋಕದ ಕಲ್ಲೆಲ್ಲ ಗಟ್ಟಿಯಾದವು.

ದುರುಗವ್ವ ಕಥೆಯನ್ನು ಪ್ರತಿ ಸಲ ಇಲ್ಲಿಗೇ ನಿಲ್ಲಿಸುತ್ತಿದ್ದಳು. ಹ್ಞೂಂಗುಟ್ಟುತ್ತ ಕೂತ ಮೊಮ್ಮಗಳು ಪಲ್ಲವಿ ಬಿಡುತ್ತಿರಲಿಲ್ಲ.

"ಹ್ಞೂಂ. ಮುಂದ?"

"ಮುಂದಿಂದು ನಂಗ ಗೊತ್ತಿಲ್ಲವ್ವ. ನಮ್ಮಜ್ಜಿ ಇಷ್ಟ ಹೇಳಿದ್ಲು."

ಮುಗಿಯದ ಕಥೆ ಮಕ್ಕಳ ಹೊಟ್ಟೆಯಲ್ಲಿ ಸುಮ್ಮನೆ ಇರುವುದಿಲ್ಲ. ಪಲ್ಲವಿ ಆ ಕಥೆಯ ಗೋಡೆಯನ್ನು ದಿನವೂ ನೋಡುತ್ತಿದ್ದಳು. ಅದರ ಹಿಂದೆಯೇ ಹುಟ್ಟಿದವಳು ಅವಳು.

ಕಂಪ್ಲಿ ಕೋಟೆಯೊಳಗೆ ಕಂಬದ ಬೀದಿ. ಒಂದು ಮಗ್ಗುಲಿಗೆ ಹಳೆಯ ಮನೆಗಳು. ಪ್ರತಿ ಮನೆಗೂ ಕಲ್ಲುಕಂಬ, ಕಂಬದ ಬುಡಕ್ಕೆ ನುಣುಪಾದ ಕಟ್ಟೆ, ಕಟ್ಟೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತ ಗಂಡಸರು. ಇನ್ನೊಂದು ಮಗ್ಗುಲಿಗೆ ಬರೀ ಗೋಡೆ. ಆ ತುದಿಯಿಂದ ಈ ತುದಿಯವರೆಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಗುಬ್ಬಿ ತೂರುವಷ್ಟು ಕಿಂಡಿಯಿಲ್ಲ. ಗೋಡೆಯ ಹಿಂದೆ ಮಾದಿಗರ ಕೇರಿ. ಕೇರಿಯ ಬಾಗಿಲೆಲ್ಲ ಆಚೆ ಕಡೆಗೆ, ಗಟಾರಕ್ಕೆ, ಮಸಣಕ್ಕೆ. ಬೀದಿಯಲ್ಲಿ ಮದುವೆ ಮೆರವಣಿಗೆ ಹೋದರೆ ಕೇರಿಯ ಮಕ್ಕಳಿಗೆ ಬ್ಯಾಂಡಿನ ಸದ್ದಷ್ಟೇ ಪಾಲು. ಕೇರಿಯ ಬಾಗಿಲು ಬೀದಿಯನ್ನು ನೋಡಕೂಡದು ಎಂದು ಯಾವ ಶಾಸನದಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ.

ಆದರೆ ಬೀದಿಯವರ ತಲೆಯ ಮೇಲಿದ್ದದ್ದು ಕೇರಿಯ ಮಣ್ಣು.

ಆ ಮನೆಗಳಿಗೆಲ್ಲ ಆಗ ಮಣ್ಣಿನ ಮಾಳಿಗೆ, ತೊಲೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಅದಕ್ಕೆ ಸವಳು ಹೊದಿಸಬೇಕು. ಸವಳೆಂದರೆ ಬೂದಿಬಣ್ಣದ ಉಪ್ಪುಮಣ್ಣು. ನೀರು ಬಿದ್ದರೆ ಬಿಗಿದು ಕೂರುತ್ತದೆ, ಕೆಳಗೆ ಹನಿ ಬಿಡುವುದಿಲ್ಲ. ಇದು ಬೀದಿಯ ಕೂಸಿಗೂ ಗೊತ್ತು. ಸವಳಿನ ದಿಬ್ಬ ಇದ್ದದ್ದು ಕೇರಿಯ ಮಸಣದ ಪಕ್ಕ, ಕೇರಿಯದೇ ನೆಲದಲ್ಲಿ. ಹೆಂಗಸರು ಅಗೆದು, ಜರಡಿ ಹಿಡಿದು, ಪುಟ್ಟಿಗೆ ತುಂಬಿ, ಹಳೇ ಸೀರೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಹೊರುತ್ತಿದ್ದರು. ಬೆವರು ಉಪ್ಪು, ಮಣ್ಣೂ ಉಪ್ಪು. ಎರಡೂ ಸೇರಿ ಕುತ್ತಿಗೆಯ ಚರ್ಮ ಸುಲಿಯುತ್ತಿತ್ತು. ಮನೆಯೊಳಗೆ ಮಾಳಿಗೆಗೆ ಮೆಟ್ಟಿಲಿದ್ದವು. ಕೇರಿಯವರಿಗೆ ಹಿತ್ತಲಲ್ಲಿ ಏಣಿ. ಏರಿ, ಸುರುವಿ, ನೀರು ಚಿಮುಕಿಸಿ, ಕಾಲಿನಿಂದ ತುಳಿಯಬೇಕು. ಸಾವ್ಕಾರರು ಉಣ್ಣುವ ಜಾಗದ ಮೇಲೆ ತುಳಿದರು. ಮಲಗುವ ಜಾಗದ ಮೇಲೆ ತುಳಿದರು. ದೇವರ ಜಗಲಿಯ ಮೇಲೂ ತುಳಿದರು. ಹೊಸ್ತಿಲು ಮಾತ್ರ ತುಳಿಯಲಿಲ್ಲ.

ಒಂದು ವರ್ಷ ಬೇಸಿಗೆಯ ಉರಿಬಿಸಿಲಲ್ಲಿ ದುರುಗವ್ವನಿಗೆ ಕಣ್ಣು ಕತ್ತಲಿಟ್ಟಿತು. ಹೊಟ್ಟೆಯಲ್ಲಿ ಪಲ್ಲವಿಯ ಅವ್ವ ಇದ್ದಳು. ತಲೆಯ ಮೇಲೆ ತುಂಬಿದ ಪುಟ್ಟಿ ಇತ್ತು. ಎದುರಿಗೆ ರೈಸ್‌ಮಿಲ್ಲಿನ ಸಾವ್ಕಾರರ ಮನೆಯ ಕಟ್ಟೆ ಕಂಡಿತು. ಕೂತಳು. ಎಷ್ಟು ಹೊತ್ತು ಕೂತಳೋ ಅವಳಿಗೇ ತಿಳಿಯದು. ಕಣ್ಣು ಬಿಟ್ಟಾಗ ಎದುರಿಗೆ ಸಾವ್ಕಾರರ ಮಗ ಮರಿಸ್ವಾಮಿ ನಿಂತಿದ್ದ. ಆಗವನು ಕಾಲೇಜು ಹುಡುಗ, ರಜೆಗೆ ಬಂದಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. ಒಳಗೆ ತಿರುಗಿ ಅಪ್ಪನಿಗೆ ಹೇಳಿದ: "ಕಟ್ಟಿ ತೊಳಸ್ರಿ. ಈಕಿ ಕೈಲೇ ತೊಳಸ್ರಿ."

ಬಸುರಿ ಬಗ್ಗಿ ತೊಳೆದಳು. ಅವನು ಜೇಬಿಂದ ಕೈ ತೆಗೆಯದೆ ಕಾಲ್ಬೆರಳಿನಿಂದ ತೋರಿಸಿದ: "ಅಲ್ಲಿ ಉಳೀತು. ಅಲ್ಲಿ. ಹಾಂ, ಅಲ್ಲಿ."

ಇದನ್ನು ದುರುಗವ್ವ ಕಥೆಯ ಹಾಗೆ ಹೇಳಲಿಲ್ಲ. ರೊಟ್ಟಿ ಬಡಿಯುತ್ತ, ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದಳು. ಪಲ್ಲವಿ ಅವತ್ತು ಹ್ಞೂಂಗುಟ್ಟಲಿಲ್ಲ. ತಟ್ಟೆ ಸರಿಸಿ ಎದ್ದು ನಿಂತಳು. ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗಿ.

"ಅಜ್ಜೀ, ನಾ ದೊಡ್ಡಾಕಿ ಆಗಿ ನಿಂಗ ಬೀದಿಗೆ ಬಾಗಲ ಇಡ್ತೀನಿ. ಬಾಗಲಿಗೆ ಕಟ್ಟಿ ಹಾಕ್ತೀನಿ. ಕಟ್ಟಿನ ಆ ಮರಿಸ್ವಾಮಿ ಕೈಲೇ ತೊಳಿಸ್ತೀನಿ."

ದುರುಗವ್ವ ನಗಲಿಲ್ಲ. ರೊಟ್ಟಿ ತಿರುವಿ ಹಾಕಿದಳು.

"ಮಾತು ಕೊಟ್ಟಿ ನೋಡು."

"ಕೊಟ್ಟೆ."

"ಹ್ಞೂಂ," ಅಂದಳು ಅಜ್ಜಿ. ಈ ಸಲ ಹ್ಞೂಂಗುಟ್ಟಿದ್ದು ಅವಳು.

*

ಪಲ್ಲವಿ ಹೊಸಪೇಟೆಯಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದಳು. ಅರ್ಧ ಓದು, ಅರ್ಧ ಕನಸು. ಬಸ್ಸು ಬುಕ್ಕಸಾಗರ ದಾಟುವಾಗ ಗುಡ್ಡದ ಬಂಡೆಗಳನ್ನು ನೋಡುತ್ತ, ಇವುಗಳಲ್ಲಿ ಒಂದಾದರೂ ಇನ್ನೂ ಮೆತ್ತಗೆ ಉಳಿದಿರಬಹುದೇ ಎಂದು ಯೋಚಿಸುವವಳು. ಓದು ಮುಗಿದ ಮೇಲೆ ಆರ್ಕಿಟೆಕ್ಟ್ ಈಶ್ವರ್ ಅವರ ಆಫೀಸಿನಲ್ಲಿ ನಕ್ಷೆ ಹಾಕುವ ಕೆಲಸಕ್ಕೆ ಸೇರಿದಳು. ಈಶ್ವರ್ ಒಳ್ಳೆಯವರು. ಸಂಬಳ ತಡ ಮಾಡುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ, ಹಳೇ ಕಲ್ಲು ಕಂಡರೆ ಕಣ್ಣು ತೇವ ಮಾಡಿಕೊಳ್ಳುತ್ತಿದ್ದರು.

ಆ ವರ್ಷದ ಮಳೆಗೆ ಕೇರಿಯ ಮನೆಗಳು ಕುಸಿದವು. ಹಳೇ ಗೋಡೆಯೂ ಹಲ್ಲು ಕಳಚಿದ ಹಾಗೆ ಬಿತ್ತು. ಸರ್ಕಾರದಿಂದ ಹೊಸ ಮನೆಗಳು ಮಂಜೂರಾದವು. ಒಂದೇ ಷರತ್ತು: ಕಂಬದ ಬೀದಿ ಈಗ ಪರಂಪರೆಯ ಬೀದಿ, ಹಂಪಿ ನೋಡಲು ಬಂದವರು ಇಲ್ಲಿಗೂ ಬರಲಿದ್ದಾರೆ, ಆದ್ದರಿಂದ ಹೊಸ ಮನೆ ಹಳೇ ಬೀದಿಗೆ ಹೊಂದಬೇಕು. ವಿನ್ಯಾಸದ ಕೆಲಸ ಈಶ್ವರ್ ಅವರಿಗೆ ಬಂತು. ಅವರು ಅದನ್ನು ಪಲ್ಲವಿಯ ಟೇಬಲ್ಲಿಗೆ ಹಾಕಿದರು.

ಪಲ್ಲವಿ ಟೇಪು ಹಿಡಿದು ಕಂಬದ ಬೀದಿಗೆ ಹೋದಳು. ಎದುರು ಸಾಲಿನ ಕಂಬದ ಎತ್ತರ, ಕಟ್ಟೆಯ ಅಗಲ, ಬಾಗಿಲ ಅಳತೆ ಎಲ್ಲ ತಗೊಂಡಳು. ಅದನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಈ ಮಗ್ಗುಲಿಗೆ ಇಟ್ಟಳು. ಕೇರಿಯ ಪ್ರತಿ ಮನೆಗೂ ಬೀದಿಗೆ ಒಂದು ಬಾಗಿಲು, ಬಾಗಿಲಿಗೆ ಕಲ್ಲಿನ ಚೌಕಟ್ಟು, ಮುಂದೆ ಕಟ್ಟೆ, ಎರಡು ಕಂಬ. ಕಂಪ್ಯೂಟರಿನ ಮುಂದೆ ಕೂತು ಮೊದಲು ಎಳೆದದ್ದು ಅಜ್ಜಿಯ ಮನೆಯ ಬಾಗಿಲು.

"ಮಸ್ತ್ ಐತಿ ಪಲ್ಲವಿ," ಅಂದರು ಈಶ್ವರ್. "ಹಳೇದಕ್ಕ ಹೊಸದು ಹೊಂದೂದು ಅಂದ್ರ ಇದು."

ನಕ್ಷೆಗೆ ಬೀದಿಯವರ ಸಮಿತಿಯ ಒಪ್ಪಿಗೆ ಬೇಕಿತ್ತು; ತೋರಿಸುವ ದಿನ ಇಬ್ಬರೂ ಹೋದರು. ಸಮಿತಿಯ ಅಧ್ಯಕ್ಷ ಮರಿಸ್ವಾಮಿ. ಅಪ್ಪ ಸತ್ತ ಮೇಲೆ ಅವನೇ ಸಾವ್ಕಾರ. ಮನೆಯನ್ನು ಹೋಮ್‌ಸ್ಟೇ ಮಾಡಲು ಹೊರಟಿದ್ದ. ಬಚ್ಚಲಿಗೆ ಬಿಸಿನೀರಿನ ನಲ್ಲಿ ಬಂದಿತ್ತು, ಬೀದಿಯ ಉಳಿದವರೆಲ್ಲ ಆಗಲೇ ಸ್ಲ್ಯಾಬ್ ಹಾಕಿಸಿದ್ದರೂ ಅವನ ಮಾಳಿಗೆ ಮಾತ್ರ ಮಣ್ಣಿನದೇ ಇತ್ತು. ಬಂದವರಿಗೆ ಅದೇ ಬೇಕಂತೆ. ಸಭೆಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿದ್ದ. ಪಲ್ಲವಿಗೂ ಒಂದು ಕುರ್ಚಿ. ಅವಳು ಕೂತಳು. ಅದೇ ಕಟ್ಟೆ. ಕಾಲಡಿಯ ಕಲ್ಲು ತಣ್ಣಗಿತ್ತು.

"ಯಾರ ಪೈಕಿ ತಂಗೀ ನೀನು?" ಮರಿಸ್ವಾಮಿ ನಗುತ್ತಲೇ ಕೇಳಿದ.

"ಇಲ್ಲೇ ರೀ, ಹಿಂದಿನ ಕೇರಿ. ದುರುಗವ್ವನ ಮೊಮ್ಮಗಳು."

ನಗು ಹೋಗಲಿಲ್ಲ. ಹಲ್ಲಿನ ಮೇಲೆ ಹಾಗೇ ಒಣಗಿತು. ಒಳಗಿನಿಂದ ಸ್ಟೀಲ್ ಲೋಟದಲ್ಲಿ ಚಹಾ ಬರುತ್ತಿತ್ತು. ತಟ್ಟೆ ಹಿಡಿದವಳು ಸಾವ್ಕಾರನ ಕಣ್ಣು ನೋಡಿ ಒಳಗೆ ಹೋಗಿ ಮತ್ತೆ ಬಂದಳು. ಈ ಸಲ ಒಂದು ಪೇಪರ್ ಕಪ್ ಇತ್ತು.

"ಕೆಳಗ ನಿಂತು ತೋರಸವ್ವ," ಅಂದ ಮರಿಸ್ವಾಮಿ. "ಎಲ್ರಿಗೂ ಚೆಂದ ಕಾಣ್ತೈತಿ."

ಅವಳು ಬೀದಿಗಿಳಿದು, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೋರಿಸಿದಳು. ಪುಟ್ಟಿ ಎತ್ತಿದ ಹಾಗೆ.

"ಇದೇನ್ರಿ ಈಶ್ವರ್, ಈ ಕಡಿಗೂ ಬಾಗಲಾ ಅದಾವು?"

"ಬೀದಿಗೆ ಹೊಂದಲಿ ಅಂತ ಸರ್."

"ಎಲ್ಲಿ ಹೊಂದತೈತ್ರಿ? ಈ ಕಡಿ ಮೊದಲಿಂದ್ಲೂ ಗ್ವಾಡಿ. ಗ್ವಾಡಿ ಇದ್ರ ಅದು ಕಂಬದ ಬೀದಿ. ನೀವ ಹೇಳ್ತೀರಿ, ಪರಂಪರಾ ಉಳಸಬೇಕು ಅಂತ. ನಮಗೇನು ಅವರ ಮ್ಯಾಲೆ ಸಿಟ್ಟಿಲ್ಲ ಮತ್ತ. ಮನಿ ಆಗ್ಲಿ, ಸ್ಲ್ಯಾಬ್ ಹಾಕ್ರಿ, ಫ್ಯಾನ್ ಹಾಕ್ರಿ. ಬಾಗಲಾ ಆ ಕಡಿ ಇಡ್ರಿ. ಗಾಳಿನೂ ಆ ಕಡಿನ ಚಲೋ."

"ಮಸಣದ ಗಾಳಿ," ಅಂದ ಇನ್ನೊಬ್ಬ. ಕಟ್ಟೆ ನಕ್ಕಿತು.

ಈಶ್ವರ್ ಗಡ್ಡ ಕೆರೆದುಕೊಂಡರು. ಎದುರಿನ ಖಾಲಿ ಜಾಗ ನೋಡಿದರು. ಅವರ ಕಣ್ಣು ಮತ್ತೆ ತೇವವಾಗತೊಡಗಿತು. "ಸರ್ ಹೇಳೋದರಾಗೂ ಅರ್ಥ ಐತಿ. ಐತಿಹಾಸಿಕವಾಗಿ ಇದು ಮೂಕ ಗೋಡೆ. ಆದ್ರ ಅಷ್ಟುದ್ದ ಗೋಡೆ ಬೋಳು ಕಾಣ್ತೈತಿ. ಒಂದು ಕೆಲಸ ಮಾಡೋಣ. ಬಾಗಿಲಿನ ಆಕಾರ ಇಡೋಣ. ನಿಜವಾದ ಕಲ್ಲಿನ ಚೌಕಟ್ಟು, ಮುಂದ ಕಟ್ಟೆ, ಒಳಗ ಇಟ್ಟಿಗಿ ತುಂಬಿ ಗಿಲಾಯಿ, ಅಂದ್ರ ಪ್ಲಾಸ್ಟರ್, ಅದರ ಮ್ಯಾಲೆ ಬಾಗಿಲಿನ ಚಿತ್ರ. ಫೋಟೋಕ್ಕ ಮಸ್ತ್ ಬರ್ತೈತಿ."

"ತೆರೆಂಗಿಲ್ಲಲ್ಲ?"

"ಚಿತ್ರ ಹೆಂಗ ತೆರಿತೈತ್ರಿ ಸರ್."

"ಹಂಗಾರ ಆಗ್ಲಿ."

ಈಶ್ವರ್ ಕೆಳಗೆ ನೋಡಿದರು. "ಪಲ್ಲವಿ, ಆ ಬಾಗಿಲು ಅಷ್ಟೂ ಅಳಿಸು. ಚೌಕಟ್ಟು ಇರಲಿ. ಈಗ್ಲೇ ಮಾಡು, ಸರ್ ನೋಡ್ಲಿ."

ಎಲ್ಲರೂ ಅವಳ ಹ್ಞೂಂ ಕಾಯುತ್ತಿದ್ದರು. ಹ್ಞೂಂ ಅಂದರೆ ಕಥೆ ಮುಂದೆ ಹೋಗುತ್ತದೆ. ಇದು ಅವಳಿಗೆ ತೊಟ್ಟಿಲಿನಿಂದ ಗೊತ್ತಿದ್ದ ಮಾತು. ಕೇಳುವವರು ಹ್ಞೂಂಗುಟ್ಟದಿದ್ದರೆ ಎಂಥ ರಾಜನೂ ಹೆಜ್ಜೆ ಮುಂದಿಡಲಾರ.

"ಊಹೂಂ," ಅಂದಳು.

"ಏನು?"

"ಅಳಸಂಗಿಲ್ಲ ಸರ್. ನಮ್ಮಜ್ಜಿ ಬಾಗಲಾ ಅದು. ನನ್ನ ಕೈಲಿ ನಾ ಅಳಸಂಗಿಲ್ಲ."

ಲ್ಯಾಪ್‌ಟಾಪನ್ನು ಕಟ್ಟೆಯ ಮೇಲೆ, ಪೇಪರ್ ಕಪ್ಪಿನ ಪಕ್ಕ ಇಟ್ಟಳು. ಬೀದಿಯ ನಡುವೆ ನಡೆದು ಹೋದಳು. ಹಿಂದೆ ಮರಿಸ್ವಾಮಿ ಹೇಳಿದ್ದು ಕೇಳಿಸಿತು: "ಓದಿಸಿದ್ರ ಹಿಂಗ ನೋಡ್ರಿ."

ಬಾಗಿಲುಗಳನ್ನು ಈಶ್ವರ್ ತಾವೇ ಅಳಿಸಿದರು. ಪಲ್ಲವಿಯ ಕೆಲಸ ಹೋಯಿತು.

*

ಗೋಡೆ ಏಳತೊಡಗಿತು. ಕಟ್ಟುವ ಮೇಸ್ತ್ರಿ ಕೇರಿಯವನೇ, ಪಲ್ಲವಿಯ ಮಾವ ಹುಲುಗಪ್ಪ. ತಮ್ಮ ಮುಖಕ್ಕೆ ತಾವೇ ಗೋಡೆ ಕಟ್ಟಿಕೊಳ್ಳುವ ಕೂಲಿ ಅದು. ಒಂದು ಮುಂಜಾನೆ ಪಲ್ಲವಿ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಮುಂದೆ ನಿಂತಳು.

"ಮಾವ, ನಂಗೂ ಕೂಲಿ ಕೊಡು."

"ಹುಚ್ಚಿ ಅದಿ ಏನಲೇ? ಓದಿದ ಹುಡುಗಿ ಸಿಮೆಂಟ್ ಹೊರ್ತಿ?"

"ಹೊರ್ತೀನಿ. ಒಂದು ಮಾತು ಕೇಳ್ತಿ ಅಂದ್ರ."

ಕಲ್ಲಿನ ಚೌಕಟ್ಟು ನಿಜದ್ದಾಗಿರಬೇಕೆಂದು ಈಶ್ವರೇ ಹೇಳಿದ್ದರು. ಮೇಲೆ ಕಲ್ಲಿನ ತೊಲೆ, ಇಕ್ಕೆಲಕ್ಕೆ ಕಲ್ಲಿನ ಕಾಲು. ಅಂಥ ಚೌಕಟ್ಟಿನ ಒಳಗಿನದನ್ನು ಕಿತ್ತರೆ ಗೋಡೆ ಬೀಳುವುದಿಲ್ಲ. ಪಲ್ಲವಿ ಕೇಳಿದ್ದು ಇಷ್ಟೇ: ಚೌಕಟ್ಟಿನ ಒಳಗೆ ಸಿಮೆಂಟ್ ಹಾಕಬೇಡ. ಹಸಿ ಇಟ್ಟಿಗೆ ಇಡು, ಕೆಸರು ಬಳಿ, ಮೇಲೆ ತೆಳ್ಳಗೆ ಗಿಲಾಯಿ ಎಳೆ. ಹುಲುಗಪ್ಪ ಬೀಡಿ ಹಚ್ಚಿದ.

"ಸಿಕ್ಕಿಬಿದ್ರ ನನ್ನ ಕೆಲಸ ಹೊಕ್ಕೈತಿ."

"ನಂದು ಹೋತಲ್ಲ."

ಅವನು ನಕ್ಕ. ಅವತ್ತಿನಿಂದ ಅವಳು ಹಸಿ ಇಟ್ಟಿಗೆ ಹೊತ್ತಳು. ಅಂಗೈ ಬೊಬ್ಬೆ ಎದ್ದು ಒಡೆದವು. ಒಡೆದ ಕೈಯಲ್ಲೇ ಕೆಸರು ಬಳಿದಳು. ಒಮ್ಮೆ ಈಶ್ವರ್ ಬಂದು ನೋಡಿದರು. ಅವಳನ್ನೂ ನೋಡಿದರು. ನೋಡದವರ ಹಾಗೆ ಚೌಕಟ್ಟಿನ ಕಲ್ಲನ್ನು ಸವರಿ, "ಚೆಂದ ಆಗೈತಿ," ಅಂದು ಹೋದರು.

ಚಿತ್ರ ಬರೆಯುವವರು ಬಂದರು. ಪ್ರತಿ ಚೌಕಟ್ಟಿನೊಳಗೂ ತೇಗದ ಬಣ್ಣದ ಬಾಗಿಲು ಮೂಡಿತು. ಹಿತ್ತಾಳೆಯ ಗುಬುಟು, ಚಿಲಕ, ಮಾವಿನ ತೋರಣ. ದುರುಗವ್ವನ ಮನೆಯ ಬಾಗಿಲಂತೂ ಅರ್ಧ ತೆರೆದ ಹಾಗೆ, ಒಳಗೆ ದೀಪ ಹಿಡಿದ ಬೆಳ್ಳನೆಯ ಹೆಣ್ಣು. ಕಟ್ಟೆಯ ಮೇಲೆ ಯಾರೂ ಕೂರದ ಹಾಗೆ ಹೂಕುಂಡ ಇಟ್ಟರು. ಹಂಪಿಯಿಂದ ಕಾರು ಬರತೊಡಗಿದವು. ಹುಡುಗಿಯರು ಸುಳ್ಳು ಬಾಗಿಲಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡರು. ಅದೇ ಗೋಡೆಯ ಹಿಂದೆ, ಹೊಸ ಮನೆಯ ಕತ್ತಲಲ್ಲಿ, ದುರುಗವ್ವ ಅವರ ನಗು ಕೇಳುತ್ತ ಕೂತಿರುತ್ತಿದ್ದಳು.

"ಅವರು ನಮ್ಮ ಬಾಗಲಾ ಬಡಿಯಾಕತ್ಯಾರೇನವ್ವ?"

"ಇಲ್ಲಜ್ಜಿ. ಸವರಿ ನೋಡಾಕತ್ಯಾರ."

"ತೆರಿ ಮತ್ತ."

"ತಡಿ. ಮೂರೂ ಒಮ್ಮೆಲೇ ಆಗಬೇಕು. ಬಾಗಲ, ಕಟ್ಟಿ, ತೊಳೆಯೋದು."

ಮುದುಕಿ ಗೋಡೆಗೆ ಕಿವಿ ಹಚ್ಚಿದಳು. "ಹ್ಞೂಂ."

*

ಬೇಸಿಗೆ ಏರಿತು. ಸವಳು ಹೊರುವ ಹೊತ್ತು ಬಂತು. ಮರಿಸ್ವಾಮಿಯ ಮಿಲ್ಲಿನ ಆಳು ವರ್ಷದಂತೆ ಕೇರಿಯ ತುದಿಯಲ್ಲಿ ನಿಂತು ಕೂಗಿದ. ಹೋಮ್‌ಸ್ಟೇ ಶುರುವಾಗಲಿದೆ, ಜಲ್ದಿ ಬರಬೇಕಂತೆ.

"ಬಾಗಲಾ ಅಳಸಿದವರಿಗೆ ಈ ಸಲ ಹೊರಂಗಿಲ್ಲ ಅಂತ ಹೇಳು," ಅಂದಳು ದುರುಗವ್ವ.

"ಕೂಲಿ ಜಾಸ್ತಿ ಕೊಡ್ತಾರಂತ."

ಪಕ್ಕದ ಮನೆಯ ಪಂಪಮ್ಮ ಬಾಯಿ ಹಾಕಿದಳು. "ಅವರ ಗ್ವಾಡಿ ಮ್ಯಾಲೆ ಬರದಾರಲ್ಲ, ದೀಪ ಹಿಡಕೊಂಡಾಕಿ. ಆಕಿನ್ನ ಕರ್ಕೊಂಡು ಹೋಗ್ಲಿ. ಉಣ್ಣೂದಿಲ್ಲ, ಬೆವರೂದಿಲ್ಲ, ಮುಟ್ಟಿದ್ರ ಮೈಲಿಗಿನೂ ಆಗೂದಿಲ್ಲ."

ಟ್ರ್ಯಾಕ್ಟರ್ ಬಂತು. ಹೆಂಗಸರು ದಿಬ್ಬದ ಮೇಲೆ ಕೂತರು. ಮಸಣ ಕೇರಿಯದು, ದಿಬ್ಬವೂ ಕೇರಿಯದು. ಟ್ರ್ಯಾಕ್ಟರ್ ಬಂದ ದಾರಿ ಹಿಡಿಯಿತು.

ಸವಳಿಲ್ಲದ ಮಾಳಿಗೆ ಏನಾಗುತ್ತದೆಂಬುದು ಮರಿಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಹೋಗಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತೇನೋ. ಕೇಳಲು ಗಟಾರ ದಾಟಬೇಕಿತ್ತು. ಅವನ ಮಗ ಸಂಡೂರಿನಲ್ಲಿ ಮಣ್ಣು ಸಾಗಿಸುವ ಟಿಪ್ಪರ್ ಇಟ್ಟಿದ್ದ. ಅಲ್ಲಿಂದ ಮೂಟೆಗಟ್ಟಲೆ ಮಣ್ಣು ತರಿಸಿದ. ಗುಡ್ಡದ ಕೆಂಪು ಮಣ್ಣು, ಮುಟ್ಟಿದರೆ ಕೈ ತೊಳೆದರೂ ಹೋಗದಂಥದ್ದು. "ಮಣ್ಣು ಮಣ್ಣೇ," ಅಂದ. "ಅವರ ಮಸಣದ ಮಣ್ಣಿಗೆ ಏನು ಕ್ವಾಡು ಬಂದಾವೇನು?" ಮಿಲ್ಲಿನ ಆಳುಗಳು ಅದನ್ನೇ ಮಾಳಿಗೆಗೆ ಹೊದಿಸಿದರು. ಕೇರಿಯ ಹೆಂಗಸರು ದಿಬ್ಬದ ಮೇಲೆ ಕೂತು, ಎಲೆಯಡಿಕೆ ಮೆಲ್ಲುತ್ತ, ಕೆಂಪು ಮಾಳಿಗೆಯನ್ನು ನೋಡಿದರು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಬರೀ ಮೋಡ ಕಂಡಾಗ ಒಬ್ಬರನ್ನೊಬ್ಬರು ನೋಡಿಕೊಂಡರು.

ಉದ್ಘಾಟನೆಯ ದಿನ ಪಡಸಾಲೆಯಲ್ಲಿ ಊಟಕ್ಕೆ ಹಾಕಿತ್ತು. ಬೆಳ್ಳನೆಯ ಮೇಜುವಸ್ತ್ರ, ಬೆಳ್ಳನೆಯ ಹಾಸಿಗೆ, ಬೆಳ್ಳನೆಯ ಅತಿಥಿಗಳು. ಹೋಳಿಗೆ ಬಡಿಸುತ್ತಿರುವಾಗ ಗಾಳಿ ಎದ್ದಿತು. ಗುಡುಗಿತು. ಕಂಪ್ಲಿಯ ಮೇಲೆ ಆ ವರ್ಷದ ಮೊದಲ ಮಳೆ ಕೊಡ ಬೋರಲು ಹಾಕಿದ ಹಾಗೆ ಬಿತ್ತು. ಮೊದಲ ಹನಿ ಹೋಳಿಗೆಯ ಮೇಲೆ ಬಿತ್ತು. ಕೆಂಪಗಿತ್ತು. ಎರಡನೆಯದು ಒಬ್ಬ ಹೆಂಗಸಿನ ಭುಜದ ಮೇಲೆ. ಆಮೇಲೆ ಎಣಿಸುವ ಹಾಗಿರಲಿಲ್ಲ. ತೊಲೆಗಳ ಸಂದಿಯಿಂದ ಕೆಂಪು ನೀರು ದಾರದಾರವಾಗಿ ಇಳಿಯಿತು. ಕುರಿ ಕೊಯ್ದ ಮನೆಯ ಹಾಗೆ ಹಾಸಿಗೆಯೆಲ್ಲ ರಕ್ತಬಣ್ಣ. ಮರಿಸ್ವಾಮಿಯ ಬಿಳಿ ಅಂಗಿಯ ಬೆನ್ನ ಮೇಲೆ ಸಂಡೂರಿನ ಗುಡ್ಡವೇ ಕರಗಿ ಹರಿಯಿತು. ಅತಿಥಿಗಳು ಚೀರುತ್ತ ಬೀದಿಗೆ ಓಡಿ, ಎದುರಿನ ಸುಳ್ಳು ಬಾಗಿಲುಗಳನ್ನು ಬಡಿದರು. ಯಾವುದೂ ತೆರೆಯಲಿಲ್ಲ.

ಒಳಗಿದ್ದ ದುರುಗವ್ವನಿಗೆ ಬಡಿತ ಕೇಳಿತು. "ಈಗ ಬಡಿಯಾಕತ್ಯಾರ," ಅಂದಳು.

*

ಮರುದಿನ ಮುಂಜಾನೆ ಮರಿಸ್ವಾಮಿ ಬಂದ. ಹಿಂದಿನ ಸಂದಿಯಿಂದ, ಗಟಾರದ ಪಕ್ಕದಿಂದ. ಒಂದು ಚಪ್ಪಲಿ ಕೆಸರಿನಲ್ಲಿ ಹೂತು ಅಲ್ಲೇ ಉಳಿದಿತ್ತು. ಮೋಡ ಇನ್ನೂ ಕವಿದೇ ಇತ್ತು. ಸಂಜೆ ಬೇರೆ ಅತಿಥಿಗಳು ಬರುವವರಿದ್ದರು.

"ಬೀದಿ ಕಡಿಂದ ಬರಬೇಕಿತ್ರಿ ಸಾವ್ಕಾರ್ರೆ," ಅಂದಳು ಪಂಪಮ್ಮ. "ಅಷ್ಟು ಚೆಂದ ಬಾಗಲಾ ಬರಿಸೀರಿ."

ಅವನು ಕೇಳದವನಂತೆ ದುರುಗವ್ವನ ಮುಂದೆ ನಿಂತ. "ದುರುಗವ್ವ, ಆಗಿದ್ದು ಆಗೋತು. ಸವಳು ಹಾಕಿಸಿಬಿಡು. ಬಾಗಲಾ ಬೇಕಂತೀರಲ್ಲ, ಆತು, ನಾನ ಹೇಳ್ತೀನಿ. ಒಂದು ಬಾಗಲಾ ಇಟ್ಕೊರಿ. ಸಣ್ಣದು."

"ಬಾಗಲಾ ನೀ ಕೊಡಬ್ಯಾಡ," ಅಂದಳು ಮುದುಕಿ. ಜೀವಮಾನದಲ್ಲಿ ಮೊದಲ ಸಲ ಅವನಿಗೆ 'ನೀ' ಅಂದಳು. "ಹಂಚೋ ರಾಜರನ್ನ ನೋಡೀವಿ. ಬಾಗಲಾ ನಾವ ತಗೊಂತೀವಿ. ನಿಂಗ ಬೇಕಾದ್ದು ಸವಳು. ಅದನ್ನ ಕೊಡ್ತೀವಿ."

ಗೂಟಕ್ಕೆ ನೇತುಹಾಕಿದ್ದ ಸಿಂಬಿ ತೆಗೆದಳು. ಅವಳ ನೆತ್ತಿಯ ಕೂದಲು ಸವೆಸಿದ ಸಿಂಬಿ. ಅವನ ಕೈಗೆ ಕೊಟ್ಟಳು. ಕಾಲಲ್ಲಿ ಪುಟ್ಟಿ ದೂಡಿದಳು.

"ದಿಬ್ಬ ಅಲ್ಲೈತಿ. ನಿನ್ನ ತಲಿ ಮ್ಯಾಲೆ ಒಯ್ಯಿ. ಆಳು ಬಂದ್ರ ಕೊಡಂಗಿಲ್ಲ, ಟ್ರ್ಯಾಕ್ಟರ್ ಬಂದ್ರ ಅಡ್ಡ ಮಕ್ಕೊಂತೀವಿ."

"ನನಗ ವಯಸ್ಸಾಗೈತಿ ದುರುಗವ್ವ."

"ನಾ ಬಸುರಿ ಇದ್ದೆ."

ಅವನು ಸಿಂಬಿ ಹಿಡಿದು ನಿಂತ. ಆಕಾಶ ನೋಡಿದ. ಗುಡುಗಿತು. ದಿಬ್ಬದ ಕಡೆ ಹೆಜ್ಜೆ ಇಟ್ಟ.

ಅವನು ಮೊದಲ ಪುಟ್ಟಿ ತುಂಬುತ್ತಿರುವಾಗಲೇ ಪಲ್ಲವಿ ಹಾರೆ ತಗೊಂಡಳು. ಅಜ್ಜಿಯ ಮನೆಯ ಒಳಗೋಡೆಗೆ, ಚೌಕಟ್ಟಿನ ನಡುವಿಗೆ ಗುರಿಯಿಟ್ಟು ಹೊಡೆದಳು. ಹಸಿ ಇಟ್ಟಿಗೆ ರೊಟ್ಟಿಯ ಹಾಗೆ ಮುರಿಯಿತು. ಹುಲುಗಪ್ಪ ಇನ್ನೊಂದು ಹಾರೆ ತಂದ. ಕೆಸರು ಉದುರಿತು, ಗಿಲಾಯಿ ಚಕ್ಕೆಚಕ್ಕೆಯಾಗಿ ಎದ್ದಿತು, ದೀಪ ಹಿಡಿದ ಬೆಳ್ಳನೆಯ ಹೆಣ್ಣು ಮೂತಿ ಮುರಿದು ಬೀದಿಗೆ ಬಿದ್ದಳು. ತೂತಿನಿಂದ ಬೆಳಕು ಬಂತು. ದುರುಗವ್ವನ ಮುಖದ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ.

ಸುದ್ದಿ ಕೇಳಿ ಈಶ್ವರ್ ಓಡಿಬಂದರು. "ಪಲ್ಲವಿ, ಏನ ಮಾಡಾಕತ್ತೀ? ಪರಂಪರೆಯ ಗೋಡೆ ಅದು."

"ಗ್ವಾಡಿ ಮುಟ್ಟಿಲ್ಲ ಸರ್," ಅಂದಳು ಹಾರೆ ನಿಲ್ಲಿಸದೆ. "ನಿಮ್ಮ ನಕ್ಷಾದಾಗ ಇಲ್ಲಿ ಬಾಗಲಾ ಐತಿ. ಬಾಗಲಾ ತೆಗಿಯಾಕತ್ತೀವಿ."

ಅವರು ಕಲ್ಲಿನ ತೊಲೆ ನೋಡಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು. ಕೇರಿಯ ಬೇರೆ ಮನೆಗಳಿಂದಲೂ ಹಾರೆಯ ಸದ್ದು ಬರತೊಡಗಿತ್ತು.

ಅಷ್ಟರಲ್ಲಿ ಮರಿಸ್ವಾಮಿ ಬೀದಿಗೆ ಬಂದ. ತಲೆಯ ಮೇಲೆ ಪುಟ್ಟಿ, ಕುತ್ತಿಗೆಯಲ್ಲಿ ಉಪ್ಪುಮಣ್ಣಿನ ಬೂದಿ ಬೆವರು. ಒಮ್ಮೆ ಹೊತ್ತು ಹಾಕಿ ಬಂದಿದ್ದ. ಇದು ಮತ್ತೊಂದು. ಎದುರಿನ ಕಟ್ಟೆಗಳ ಮೇಲೆ ಅವನ ಸಮಿತಿಯವರು ಕೂತು ನೋಡುತ್ತಿದ್ದರು. ಯಾರೂ ಎದ್ದು ಕೈ ಹಚ್ಚಲಿಲ್ಲ. ಸವಳಿನ ಪುಟ್ಟಿ ಮುಟ್ಟಿದರೆ ಮರ್ಯಾದೆ ಹೋಗುತ್ತದೆಂದು ಅವರಿಗೆ ಕಲಿಸಿದವನು ಅವನೇ. ಮೋಡದ ಸಂದಿಯಿಂದ ಬಿಸಿಲು ಚುರ್ ಅಂದಿತು. ಅವನ ಕಾಲು ತಡವರಿಸಿತು. ತನ್ನ ಮನೆಯ ಕಟ್ಟೆ ಬೀದಿಯ ಆಚೆ ಇತ್ತು. ಈಚೆಯ ಕಟ್ಟೆ ಹತ್ತಿರವಿತ್ತು. ಹೂಕುಂಡಗಳನ್ನು ಪಲ್ಲವಿ ಆಗಲೇ ಎತ್ತಿಟ್ಟಿದ್ದಳು.

ಮರಿಸ್ವಾಮಿ ಕೂತ.

ಪುಟ್ಟಿ ಪಕ್ಕಕ್ಕಿಳಿಸಿ, ಕೂತಲ್ಲೇ ಏದುಸಿರು ಬಿಟ್ಟ. ಹಾರೆಗಳು ನಿಂತವು. ಆಗ ಹೊಸ ಬಾಗಿಲಿನಿಂದ ದುರುಗವ್ವ ಹೊರಗೆ ಬಂದಳು. ಹುಟ್ಟಿದ ಮೇಲೆ ಮೊದಲ ಸಲ ತನ್ನ ಮನೆಯಿಂದ ನೇರ ಬೀದಿಗೆ ಬಂದಳು. ಕೈಯಲ್ಲಿ ನೀರಿನ ಕೊಡ. ಅವನ ಮುಂದೆ ಇಟ್ಟಳು. ಅವನು ಎರಡೂ ಕೈ ಬೊಗಸೆ ಮಾಡಿ ಚಾಚಿದ.

"ಕುಡಿಯಾಕ ಅಲ್ಲ," ಅಂದಳು. "ಕುಡಿಯೋ ನೀರು ಒಳಗೈತಿ, ಆಮ್ಯಾಲೆ ಕೊಡ್ತೀನಿ. ಇದು ಕಟ್ಟಿ ತೊಳಿಯಾಕ."

ಅವನು ತಲೆಯೆತ್ತಿದ. ಅವಳ ಮುಖ ನೋಡಿದ. ಅವತ್ತಿನ ಬಸುರಿಯ ಗುರುತು ಹತ್ತಿದ್ದು ಅವನ ಕಣ್ಣಿನಲ್ಲೇ ಕಾಣಿಸಿತು. ಎದುರು ಸಾಲಿನವರನ್ನು ನೋಡಿದ. ಅವರು ಬೇರೆ ಕಡೆ ನೋಡಿದರು. ಪಂಪಮ್ಮ ಸಂದಿಯ ಬಾಯಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ದಿಬ್ಬದ ದಾರಿಗೆ ಅಡ್ಡ.

"ತೊಳದ್ರ ಇನ್ನೊಂದು ಪುಟ್ಟಿ," ಅಂದಳು ಅವಳು. "ಮಾಳಿಗಿ ಭಾಳ ದೊಡ್ಡದೈತಿ ನಿಮ್ಮದು."

ಮತ್ತೆ ಗುಡುಗಿತು. ಮರಿಸ್ವಾಮಿ ಕಟ್ಟೆಯಿಂದ ಇಳಿದ. ಕೊಡ ಬಗ್ಗಿಸಿದ. ಮೊಣಕಾಲೂರಿ, ಅಂಗೈಯಿಂದ ಕಲ್ಲು ಉಜ್ಜಿದ. ಬೂದಿಬಣ್ಣದ ನೀರು ಹರಿದು ಬೀದಿಗಿಳಿಯಿತು. ದುರುಗವ್ವ ಅವನ ಪಕ್ಕ ನಿಂತು, ಸೆರಗಿನಿಂದ ಕೈ ತೆಗೆಯದೆ, ಕಾಲ್ಬೆರಳಿನಿಂದ ತೋರಿಸಿದಳು.

"ಅಲ್ಲಿ ಉಳೀತು. ಅಲ್ಲಿ. ಹಾಂ, ಅಲ್ಲಿ."

ಕಲ್ಲು ಹೊಳೆಯುವ ತನಕ ಬಿಡಲಿಲ್ಲ. ಆಮೇಲೆ ಒದ್ದೆ ಕಟ್ಟೆಯ ಮೇಲೆ ಕೂತಳು. ಎರಡೂ ಕಾಲನ್ನು ಬೀದಿಯ ಕಡೆಗೆ ಉದ್ದಕ್ಕೆ ಚಾಚಿದಳು. ಮರಿಸ್ವಾಮಿ ಖಾಲಿ ಕೊಡ ಕೆಳಗಿಟ್ಟು, ಪುಟ್ಟಿ ಎತ್ತಿಕೊಂಡು, ಆ ಕಾಲನ್ನು ಬಳಸಿ ದಾಟಿ ಹೋದ. ಅವಳು ಮಡಚಲಿಲ್ಲ.

ಪಲ್ಲವಿ ಹಾರೆಯನ್ನು ಚೌಕಟ್ಟಿಗೆ ಒರಗಿಸಿದಳು. ಅಂಗೈಯಲ್ಲಿ ಮತ್ತೆ ಎದ್ದ ಬೊಬ್ಬೆಗಳಿಂದ ರಕ್ತ ಜಿನುಗುತ್ತಿತ್ತು.

"ಅಜ್ಜೀ. ಮುಂದ?"

"ಮುಂದ ಏನಿಲ್ಲ," ಅಂದಳು ದುರುಗವ್ವ, ಪಕ್ಕದ ಕಲ್ಲು ತಟ್ಟುತ್ತ. "ಆತು. ಬಾ, ಕುಂದ್ರು."